ಇಲ್ಲದ ಐದನೆಯ ಸಂಖ್ಯೆ

ಎಂಟನ್ನು ಎಂಟರಿಂದ ಗುಣಿಸಿ, ಬಂದದ್ದನ್ನು ಮತ್ತೊಮ್ಮೆ ಎಂಟರಿಂದ ಗುಣಿಸಿದರೆ ಐನೂರ ಹನ್ನೆರಡು. ಶಾಲೆಯ ಮೆಟ್ಟಿಲು ಹತ್ತಿದ ಯಾರಾದರೂ ಹೇಳಿಯಾರು. ಇಷ್ಟನ್ನು ಒಬ್ಬಳ ಎದುರು ಹೇಳಲು ನನಗೆ ಮೂವತ್ತಾರು ವರ್ಷ ಬೇಕಾಯಿತು. ಆ ಒಬ್ಬಳು ನನ್ನ ಮಗಳು.

ನನಗೀಗ ಎಪ್ಪತ್ತೇಳು. ಹದಿನಾಲ್ಕನೆಯ ವಯಸ್ಸಿಗೆ ವಿಜಾಪುರದ ಕಡೆಯಿಂದ ಸೋದರಮಾವನ ಬೆನ್ನುಹತ್ತಿ ಮುಂಬಯಿಗೆ ಬಂದೆ. ಮಾವ ಕಟ್ಟಡದ ಕೆಲಸದವನು. ಹುಡುಗ ಇಟ್ಟಿಗೆ ಹೊರುವುದು ಬೇಡವೆಂದು ಭಾಂಡುಪಿನ ಒಂದು ಕಾರ್ಖಾನೆಯಲ್ಲಿ ನನ್ನನ್ನು ಹೆಲ್ಪರ್ ಆಗಿ ಸೇರಿಸಿದ. ದಿನವಿಡೀ ಕಾರ್ಖಾನೆ, ಸಂಜೆ ಕನ್ನಡದ ರಾತ್ರಿಶಾಲೆ. ಅಲ್ಲೇ ಹತ್ತನೆಯ ಇಯತ್ತೆ ಪಾಸಾದೆ. ನನ್ನ ಓದು ಅಷ್ಟೇ.

ಆ ಶಾಲೆಯಲ್ಲಿ ಗಣಿತಕ್ಕೆ ಒಂದು ಪದ್ಧತಿಯಿತ್ತು. ಬರುವವರೆಲ್ಲ ಕಪ್ಪುಬಸಿ ತೊಳೆದು, ಕಬ್ಬಿಣ ಹೊತ್ತು ಬಂದ ಹುಡುಗರು. ಕಾಗದ, ಪೆನ್ಸಿಲ್ಲು ಎಲ್ಲರ ಬಳಿ ಇರುತ್ತಿರಲಿಲ್ಲ. ಅದಕ್ಕೇ ಮಾಸ್ತರರು ಎಲ್ಲವನ್ನೂ ಬಾಯಿಲೆಕ್ಕದಲ್ಲೇ ಮಾಡಿಸುತ್ತಿದ್ದರು. ಮೂವತ್ತರವರೆಗಿನ ಮಗ್ಗಿ, ಕಾಲಿನ ಮಗ್ಗಿ, ಅರ್ಧದ ಮಗ್ಗಿ, ಒಂದೂವರೆಯ ಮಗ್ಗಿ. ನಿಂತು ಹೇಳಬೇಕು, ಉಸಿರು ಕಟ್ಟುವಷ್ಟು ವೇಗವಾಗಿ ಹೇಳಬೇಕು. ಬರೆಯಲು ಕಾಗದ ಕೇಳಿದವನು ಸೋತಂತೆ. ನಾನು ಒಮ್ಮೆಯೂ ಕೇಳಲಿಲ್ಲ. ಬಡತನದಿಂದ ಹುಟ್ಟಿದ ಈ ಪದ್ಧತಿಯನ್ನು ನಾನು ಜಾಣತನವೆಂದು ನಂಬಿದೆ. ಮುಂದೆ ಕಾರ್ಖಾನೆಯಲ್ಲಿ ಅಚ್ಚು, ಉಪಕರಣ ತಯಾರಿಸುವ ಟೂಲ್‌ರೂಮಿಗೆ ಬಡ್ತಿ ಸಿಕ್ಕಿತು. ಸಾಲಾಗಿ ಒಂದೊಂದೇ ಕೋಣೆಯ ಮನೆಗಳಿದ್ದ ನಮ್ಮ ಚಾಳಿನಲ್ಲಿ ಯಾರಿಗೆ ಯಾವ ಲೆಕ್ಕ ಬೇಕಾದರೂ ನನ್ನ ಬಳಿ ಬರತೊಡಗಿದರು, ನಾನು ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದೆ. ನನಗೆ 'ಮಾಸ್ತರ' ಎಂಬ ಹೆಸರು ಬಿತ್ತು. ಆ ಹೆಸರು ನನಗೆ ಎಷ್ಟು ಸಿಹಿಯಾಗಿತ್ತೆಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಮಗಳಿಗೆ ಆಗ ಹದಿಮೂರು. ಶಾಲೆಯಲ್ಲಿ ಅವರ ಬಾಯಿ, ಎಂದರೆ ಶಿಕ್ಷಕಿ, ಬೇಸಿಗೆ ರಜೆಗೆ ಮುಂಚೆ ಕರಿಹಲಗೆಯ ಮೇಲೆ 153 ಎಂದು ಬರೆದರಂತೆ. ಅದರ ಅಂಕಿಗಳು ಒಂದು, ಐದು, ಮೂರು. ಪ್ರತಿಯೊಂದರ ಘನ ಮಾಡಿದರೆ 1, 125, 27. ಕೂಡಿಸಿದರೆ ಮತ್ತೆ 153. ತನ್ನ ಅಂಕಿಗಳಿಂದ ತಾನೇ ಮರಳಿ ಹುಟ್ಟುವ ಸಂಖ್ಯೆ. ಮೂರಂಕಿಯ ಇಂಥವು ಇನ್ನೆಷ್ಟಿವೆ, ರಜೆಯಲ್ಲಿ ಹುಡುಕಿ ಬನ್ನಿ ಎಂದಿದ್ದರು. ಉಳಿದ ಮಕ್ಕಳು ಮನೆಗೆ ಬರುವಷ್ಟರಲ್ಲಿ ಮರೆತರು. ನನ್ನ ಮಗಳು ಒಂದು ಲಾಂಗ್ ಬುಕ್ ಹಿಡಿದು ಚಾಳಿನ ಮನೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಕುಳಿತಳು. ನೂರರಿಂದ ಶುರು ಮಾಡಿ ಒಂದು ಸಂಖ್ಯೆಗೆ ಒಂದು ಸಾಲು. ನಲ್ಲಿ ನೀರಿಗೆ ಪಾಳಿ ನಿಂತಾಗಲೂ ಪುಸ್ತಕ ಕಂಕುಳಲ್ಲೇ ಇರುತ್ತಿತ್ತು. ಮೇ ತಿಂಗಳು ಪೂರ್ತಿ ಅದೇ ಕೆಲಸ.

ರಜೆ ಮುಗಿಯುವ ಹೊತ್ತಿಗೆ ಒಂದು ರವಿವಾರ ನಾವು ನಾಲ್ಕೈದು ಮಂದಿ ಗ್ಯಾಲರಿಯಲ್ಲಿ ಕೇರಂ ಆಡುತ್ತಿದ್ದೆವು. ಮಗಳು ಪುಸ್ತಕ ಎದೆಗವಚಿಕೊಂಡು ಬಂದಳು.

"ಅಪ್ಪಾ, ಮುಗೀತ್ರಿ. ನಾಕೇ ಅದಾವ. 153, 370, 371, 407. ಐದನೇದ್ದು ಇಲ್ಲ."

"ಇಲ್ಲ ಅಂತ ಹೆಂಗ ಹೇಳ್ತಿ?"

"ಎಲ್ಲಾ ನೋಡೀನ್ರಿ. ಒಂದೂ ಬಿಟ್ಟಿಲ್ಲ."

ನನ್ನ ಎದುರಿಗೆ ಕುಳಿತಿದ್ದ ಪಕ್ಕದ ಖೋಲಿಯ ಮರಾಠಿ ಗೆಳೆಯ ನಕ್ಕ. ಮಕ್ಕಳೆಲ್ಲ ಅವನನ್ನು ಕಾಕಾ ಎನ್ನುತ್ತಿದ್ದರು. "ಬಘಾ ಬಘಾ, ಮುಲಗೀ ಬಾಪಾಚೀ ಪರೀಕ್ಷಾ ಘೇತೇ!" ಮಗಳು ಅಪ್ಪನ ಪರೀಕ್ಷೆ ತೆಗೆದುಕೊಳ್ಳುತ್ತಿದ್ದಾಳೆ ಎಂದು ಎಲ್ಲರೂ ನಕ್ಕರು. ನನಗೆ ಅಷ್ಟು ಸಾಕಾಯಿತು. ಕಣ್ಣು ಮುಚ್ಚಿದೆ. ಘನಗಳನ್ನು ಮನಸ್ಸಿನಲ್ಲೇ ಕೂಡಿಸುತ್ತ, ಕಳೆಯುತ್ತ ಹೋದೆ. ಸ್ವಲ್ಪ ಹೊತ್ತಿನಲ್ಲಿ ಒಂದು ಸಿಕ್ಕಿತು.

"872," ಎಂದೆ. "ಎಂಟರ ಘನ ಐನೂರಾ ಇಪ್ಪತ್ತೊಂದು, ಏಳರದ್ದು ಮುನ್ನೂರಾ ನಲವತ್ಮೂರು, ಎರಡರದ್ದು ಎಂಟು. ಕೂಡಸ್ರಿ. ಎಂಟುನೂರಾ ಎಪ್ಪತ್ತೆರಡು. ಇದು ನಿನ್ನ ಐದನೇದ್ದು!"

"ವಾಹ್ ಮಾಸ್ತರ!" ಎಂದು ಕಾಕಾ ಕೇರಂ ಬೋರ್ಡ್ ಬಡಿದ. ಗೋಟಿಗಳು ಚೆಲ್ಲಾಪಿಲ್ಲಿಯಾದವು. ಮಗಳು ಪುಸ್ತಕ ತೆರೆದು ಕೊನೆಯ ಕಡೆಯ ಒಂದು ಹಾಳೆಯ ಮೇಲೆ ಬೆರಳಿಟ್ಟಳು. ಏನೋ ಹೇಳಲು ಬಾಯಿ ತೆರೆದಳು. ನನ್ನ ಮುಖ ನೋಡಿದಳು. ಪುಸ್ತಕ ಮುಚ್ಚಿದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. "ಒಂಬೈನೂರು ಸಾಲು ಬರದ್ರ ಏನೂ ಆಗಂಗಿಲ್ಲವಾ, ತಲೀ ಬೇಕು, ತಲೀ," ಎಂದೆ. ಅವಳು ಒಳಗೆ ಹೋದಳು. ಆ ದಿನ ಅವಳು ಊಟ ಮಾಡಲಿಲ್ಲವೆಂದು ನನ್ನ ಹೆಂಡತಿ ಮರುದಿನ ಹೇಳಿದಳು. ಬಿಸಿಲಿಗೆ ಹಾಗಾಗಿರಬೇಕು ಎಂದು ನಾನು ಉತ್ತರ ಕೊಟ್ಟೆ.

ಇಷ್ಟೇ ಆಗಿದ್ದರೆ ಇದು ತಪ್ಪು ಲೆಕ್ಕ. ತಪ್ಪು ಲೆಕ್ಕಕ್ಕೆ ಕ್ಷಮೆಯಿದೆ. ಪಾಪ ನಡೆದದ್ದು ಆಮೇಲೆ, ಬುಧವಾರ.

ಅಂದು ಟೂಲ್‌ರೂಮಿನಲ್ಲಿ ಒಂದು ಉಕ್ಕಿನ ಗಟ್ಟಿ ಬೇಕಾಗಿತ್ತು. ಮೂರೂ ಕಡೆ ಎಂಟು ಸೆಂಟಿಮೀಟರ್. ಸ್ಟೋರಿಗೆ ಚೀಟಿ ಕಳಿಸುವಾಗ ತೂಕ ಅಂದಾಜು ಮಾಡಿ ಬರೆಯಬೇಕು. ಎಂಟೆಂಟ್ಲ ಅರವತ್ನಾಲ್ಕು, ಅರವತ್ನಾಲ್ಕೆಂಟ್ಲ ಐನೂರ ಹನ್ನೆರಡು, ಘನ ಸೆಂಟಿಮೀಟರಿಗೆ ಸುಮಾರು ಎಂಟು ಗ್ರಾಂ ಉಕ್ಕೆಂದರೆ ನಾಲ್ಕು ಕಿಲೋದ ಆಸುಪಾಸು ಎಂದು ಕೈ ತಾನಾಗಿ ಬರೆಯಿತು. ಬರೆದ ಮೇಲೆ ಕಣ್ಣು ಆ 512ರ ಮೇಲೆ ನಿಂತಿತು. ಗ್ಯಾಲರಿಯಲ್ಲಿ ನಾನು ಹೇಳಿದ್ದು 521. ಹಿಂದಿನ ಎರಡು ಅಂಕಿಗಳು ತಿರುಗುಮುರುಗಾಗಿದ್ದವು. 872ರ ಘನಗಳ ಮೊತ್ತ 872 ಅಲ್ಲ, 863. ಐದನೆಯದು ಇರಲೇ ಇಲ್ಲ. ಸುತ್ತ ಲೇಥ್ ಯಂತ್ರಗಳ ಸದ್ದಿನ ನಡುವೆ ನಾನು ಚೀಟಿ ಹಿಡಿದುಕೊಂಡು ನಿಂತೇ ಇದ್ದೆ.

ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ಮನೆಗೆ ಬಂದಾಗ ಹೇಳಲಾಗಲಿಲ್ಲ. ರವಿವಾರ ಎಲ್ಲರೂ ಇರುತ್ತಾರೆ, ಆಗಲೇ ಹೇಳೋಣ ಎಂದುಕೊಂಡೆ. ರವಿವಾರ ಕಾಕಾ ಹೊಸಬನೊಬ್ಬನನ್ನು ಕರೆತಂದು, "ಇವನೇ ನಮ್ಮ ಮಾಸ್ತರ, ಮಗಳಿಗೆ ಐದನೆಯದು ತೋರಿಸಿಕೊಟ್ಟವನು" ಎಂದು ನನ್ನನ್ನು ಪರಿಚಯಿಸಿದ. ನಾನು ಕೈ ಮುಗಿದು ನಕ್ಕೆ. ಆ ನಗುವಿನಿಂದ ಹಿಂದೆ ಬರುವ ದಾರಿ ನನಗೆ ಸಿಗಲಿಲ್ಲ.

ಚಾಳಿನಲ್ಲಿ ಒಂದು ಚೇಷ್ಟೆ ಶುರುವಾಯಿತು. ಮಗಳು ಗ್ಯಾಲರಿಯಲ್ಲಿ ಹಾದುಹೋದರೆ "ಪಾಂಚವಾ ಕುಠೇ ಆಹೇ ಗ?" ಎಂದು ಯಾರಾದರೂ ಕೇಳುವರು. ಐದನೆಯದೆಲ್ಲಿ ಹುಡುಗಿ, ಎಂದು. ಬಹುತೇಕ ಕಾಕಾನೇ. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ನಿಜ ಗೊತ್ತಿದ್ದವನು ನಾನೊಬ್ಬನೇ, ನಾನೂ ಅವರ ಜೊತೆ ನಗುತ್ತಿದ್ದೆ.

ದೀಪಾವಳಿಗೆ ಮನೆ ಸಾರಿಸಿ ಬಳಿಯುವಾಗ ಆ ಲಾಂಗ್ ಬುಕ್ ನನ್ನ ಕೈಗೆ ಬಂತು. ತೆರೆದು ನೋಡಿದೆ. 872ರ ಸಾಲಿನಲ್ಲಿ ಗುಂಡಗಿನ ಅಕ್ಷರದಲ್ಲಿ 512+343+8=863, ಪಕ್ಕದಲ್ಲಿ 'ಅಲ್ಲ' ಎಂದು ಬರೆದಿತ್ತು. ಅದನ್ನು ಹಳೆಯ ಪೇಪರುಗಳ ನಡುವೆ ಸಿಕ್ಕಿಸಿ ರದ್ದಿಯವನಿಗೆ ಹಾಕಿಬಿಟ್ಟೆ. ಎರಡು ದಿನ ಅವಳು ಮಂಚದ ಕೆಳಗೆ, ಅಟ್ಟದ ಮೇಲೆ ಹುಡುಕಿದಳು. "ನನ್ನ ಲಾಂಗ್ ಬುಕ್ ನೋಡೀರೇನ್ರಿ?" ಎಂದು ಕೇಳಿದಳು. "ಹಳೇ ಪುಸ್ತಕಾ ಯಾರ್ ಇಟ್ಕೊಂಡ್ ಕೂಡ್ತಾರ?" ಎಂದೆ.

ಹತ್ತನೆಯದರಲ್ಲಿ ಒಳ್ಳೆಯ ಮಾರ್ಕು ಬಂದಾಗ ಅವಳು ಸೈನ್ಸ್ ಎಂದಳು, ಗಣಿತ ಓದುತ್ತೇನೆಂದಳು. ನಾನು ಕಾಮರ್ಸ್ ಎಂದೆ. ಬೇರೆ ಕಾರಣಗಳೂ ಇದ್ದವು, ಇಲ್ಲವೆನ್ನಲಾರೆ. ಆದರೆ ನಾನು ಬಾಯಿಬಿಟ್ಟು ಹೇಳಿದ ಕಾರಣ ಬೇರೆ: "ಗಣಿತ ನಿನಗ ಒಗ್ಗಂಗಿಲ್ಲ. ಆ ಐದನೇದ್ದು ನೆನಪದ ಇಲ್ಲ?" ಅವಳು ಕಾಮರ್ಸ್ ಫಾರ್ಮ್ ತುಂಬಿದಳು. ಬಿ.ಕಾಂ. ಮಾಡಿದಳು, ಬಾಂದ್ರಾದ ಒಂದು ಆಫೀಸಿನಲ್ಲಿ ಕೆಲಸ ಹಿಡಿದಳು, ಮೇಲೇರಿದಳು, ಮದುವೆಯಾಗಿ ಮುಲುಂಡಿಗೆ ಹೋದಳು. ಅವಳ ಬದುಕು ಕೆಟ್ಟಿತೆಂದು ನಾನು ಹೇಳುತ್ತಿಲ್ಲ. ಆದರೆ ಆ ರವಿವಾರದ ನಂತರ ಅವಳು ತಾನು ಬರೆದ ಏನನ್ನೂ ನನಗೆ ತೋರಿಸಲಿಲ್ಲ. ಮಾರ್ಕ್‌ಶೀಟು ತಾಯಿಯ ಕೈಯಿಂದ ಬಂತು. ನೌಕರಿಯ ಅರ್ಜಿಯನ್ನು ನಾನು ನೋಡಲೇ ಇಲ್ಲ. ತನ್ನ ಲಗ್ನಪತ್ರಿಕೆಯ ಒಕ್ಕಣೆಯನ್ನೂ ಅವ್ವನಿಗೆ ಓದಿ ಹೇಳಿದಳು, ನಾನು ಅದೇ ಕೋಣೆಯಲ್ಲಿದ್ದೆ.

ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಚಾಳು ಕೆಡವಿ ಅದೇ ಜಾಗದಲ್ಲಿ ಬಿಲ್ಡಿಂಗ್ ಎದ್ದಿದೆ. ನಾನು, ಮಗ, ಸೊಸೆ ಐದನೆಯ ಮಹಡಿ. ಕಾಕಾ ಮೂರನೆಯ ಮಹಡಿ. ಹೋದ ವರ್ಷ ಮಳೆಗಾಲ ಕಳೆದ ಮೇಲೆ ನಮ್ಮ ಕಡೆಯ ಜ್ಯೇಷ್ಠ ನಾಗರಿಕ ಸಂಘದಲ್ಲಿ ಮುದುಕರಿಗೆಂದು ಕಂಪ್ಯೂಟರ್ ತರಗತಿ ಶುರುವಾಯಿತು. ಕಲಿಸುವವರು ನಲವತ್ತು ದಾಟಿದ ಮರಾಠಿ ಹೆಣ್ಣುಮಗಳು, ಎಲ್ಲರೂ ಮ್ಯಾಡಮ್ ಎನ್ನುತ್ತಿದ್ದೆವು. ಮೊದಲ ದಿನವೇ ಅವರು ಒಂದು ಮಾತು ಹೇಳಿದರು: ಕಂಪ್ಯೂಟರಿಗೆ ಹೆದರಬೇಡಿ, ಅದು ಜಾಣನಲ್ಲ, ಅದಕ್ಕೆ ಬೇಸರ ಬರುವುದಿಲ್ಲ ಅಷ್ಟೇ, ಒಂದೊಂದಾಗಿ ಎಲ್ಲವನ್ನೂ ನೋಡುತ್ತದೆ, ಒಂದನ್ನೂ ಬಿಡುವುದಿಲ್ಲ.

ಉಳಿದವರು ತಲೆಯಾಡಿಸಿದರು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಒಂದೂ ಬಿಟ್ಟಿಲ್ಲ ಎಂದು ಗ್ಯಾಲರಿಯಲ್ಲಿ ನನಗೆ ಹೇಳಿದವಳು ಕಂಪ್ಯೂಟರ್ ಕಾಣದ ಹುಡುಗಿ. ಜಗತ್ತು ಇಂದು ಕೈಮುಗಿಯುವ ಕೆಲಸವನ್ನು ಅವಳು ಪೆನ್ಸಿಲಿನಲ್ಲಿ ಮಾಡಿದ್ದಳು, ನಾನು ತಲೆ ಬೇಕು ಎಂದಿದ್ದೆ.

ತರಗತಿ ಮುಗಿದ ಮೇಲೆ ಮ್ಯಾಡಮ್ ಬಳಿ ಹೋಗಿ, ನನಗೆ ಒಂದು ಪ್ರೋಗ್ರಾಮ್ ಬರೆಯುವುದನ್ನು ಕಲಿಸಿ ಎಂದೆ.

"ಕಾಕಾ, ಪ್ರೋಗ್ರಾಮ್ ಕಶಾಲಾ? ಆಧೀ ಲೈಟ್ ಬಿಲ್ ಭರಾಯಲಾ ಶಿಕಾ," ಎಂದು ನಕ್ಕರು. ತರಗತಿಯ ಗಂಡಸರೆಲ್ಲ ಅವರಿಗೆ ಕಾಕಾ. ಪ್ರೋಗ್ರಾಮ್ ಏಕೆ, ಮೊದಲು ಲೈಟ್ ಬಿಲ್ ಕಟ್ಟುವುದನ್ನು ಕಲಿಯಿರಿ ಎಂದರ್ಥ. ಆದರೂ ಏಕೆಂದು ಕೇಳಿದರು. ನಾನು 153ರ ಸಂಗತಿ ಹೇಳಿದೆ. ಒಂಬೈನೂರು ಸಾಲು ಬರೆದ ಪುಸ್ತಕವೊಂದು ಕಳೆದಿದೆ, ಅದನ್ನು ಮತ್ತೆ ಮಾಡಿ ಕೊಡಬೇಕಾಗಿದೆ ಎಂದೆ. ಯಾರು ಕಳೆದರೆಂದು ಹೇಳಲಿಲ್ಲ. ಮ್ಯಾಡಮ್ ಕುರ್ಚಿ ಎಳೆದುಕೊಂಡು ಕುಳಿತರು.

ಆರು ವಾರ ದಿನಾ ಬೆಳಿಗ್ಗೆ ಹತ್ತಕ್ಕೆ ಹೋದೆ. ಇಂಗ್ಲಿಷ್ ಅಕ್ಷರಗಳನ್ನು ಕೀಲಿಮಣೆಯ ಮೇಲೆ ಹುಡುಕುವುದರಲ್ಲೇ ಎರಡು ವಾರ ಹೋಯಿತು. ಆದರೆ ಒಳಗಿನ ಯುಕ್ತಿ ತಿಳಿದಾಗ ಆದ ಸಂತೋಷ ಹೇಳತೀರದು. ಸಂಖ್ಯೆಯಿಂದ ಅಂಕಿ ಬಿಡಿಸುವುದು ಹೇಗೆ? ಹತ್ತರಿಂದ ಭಾಗಿಸು, ಉಳಿದ ಶೇಷವೇ ಕೊನೆಯ ಅಂಕಿ. 153ರಲ್ಲಿ ಮೂರು ಉಳಿಯಿತು, ಕೈಯಲ್ಲಿ ಹದಿನೈದು. ಮತ್ತೆ ಭಾಗಿಸು, ಐದು ಉಳಿಯಿತು, ಕೈಯಲ್ಲಿ ಒಂದು. ಮತ್ತೊಮ್ಮೆ, ಒಂದು ಉಳಿಯಿತು, ಕೈ ಖಾಲಿ. ಉಳಿದುದರ ಘನ ಮಾಡಿ ಕೂಡಿಸುತ್ತ ಹೋಗು. ಕೊನೆಗೆ ಮೊತ್ತ ಮೂಲ ಸಂಖ್ಯೆಗೆ ಸಮವೇ ನೋಡು. ಜನ್ಮವಿಡೀ ಹತ್ತರ ಭಾಗಾಕಾರ ಮಾಡಿದವನಿಗೆ ಅದು ಸಂಖ್ಯೆಯನ್ನು ಈರುಳ್ಳಿಯಂತೆ ಸುಲಿಯುತ್ತದೆಂದು ಹೊಳೆದಿರಲಿಲ್ಲ.

ಎಲ್ಲ ಬರೆದು ಮುಗಿಸಿ ಮೊದಲ ಸಲ ಓಡಿಸಿದೆ. ಪರದೆಯ ಮೇಲೆ ಏನೂ ಬರಲಿಲ್ಲ. ಮತ್ತೆ ಓಡಿಸಿದೆ. ಏನೂ ಇಲ್ಲ. ನೂರರಿಂದ ಕೊನೆಯವರೆಗೆ ಒಂದೂ ಸಂಖ್ಯೆ ಪರೀಕ್ಷೆ ಪಾಸಾಗಿರಲಿಲ್ಲ, ಬಾಯಲ್ಲಿ ನೂರು ಸಲ ಕೂಡಿಸಿದ 153 ಕೂಡ.

"ಮ್ಯಾಡಮ್, ಹೇ ಖೋಟಂ ಬೋಲತಯ್," ಎಂದೆ. ಇದು ಸುಳ್ಳು ಹೇಳುತ್ತಿದೆ.

"ತೇ ಖೋಟಂ ನಾಹೀ ಬೋಲತ, ಕಾಕಾ. ತುಮ್ಹೀ ಕಾಯ ಸಾಂಗಿತಲಂ ತೇ ಬಘಾ." ಅದು ಸುಳ್ಳಾಡುವುದಿಲ್ಲ, ನೀವು ಏನು ಹೇಳಿಕೊಟ್ಟಿರೋ ಅದನ್ನು ನೋಡಿ ಎಂದು, ಹೋಲಿಸುವ ಜಾಗದಲ್ಲಿ ಸಂಖ್ಯೆ ಎಷ್ಟಿದೆ ಎಂದು ತೋರಿಸುವ ಒಂದು ಸಾಲನ್ನು ಸೇರಿಸಿದರು. ಪರದೆಯ ತುಂಬ ಸೊನ್ನೆ, ಸೊನ್ನೆ, ಸೊನ್ನೆ.

ಆಗ ತಿಳಿಯಿತು. ಅಂಕಿ ಬಿಡಿಸುತ್ತ ಬಿಡಿಸುತ್ತ ನಾನು ಮೂಲ ಸಂಖ್ಯೆಯನ್ನೇ ಖಾಲಿ ಮಾಡಿದ್ದೆ. ಹೋಲಿಸಲು ಏನೂ ಉಳಿದಿರಲಿಲ್ಲ. ಟೂಲ್‌ರೂಮಿನಲ್ಲಿ ಹೊಸ ಹುಡುಗರಿಗೆ ನಾನೇ ಬಯ್ಯುತ್ತಿದ್ದೆ: ಮಾಸ್ಟರ್ ತುಂಡಿನ ಮೇಲೆ ಅರ ಇಡಬೇಡ, ಅದರದ್ದೊಂದು ನಕಲು ಮಾಡಿಕೊಂಡು ಅದನ್ನು ತಿಕ್ಕು. ಮೂಲವನ್ನು ಬೇರೆ ಹೆಸರಿನಲ್ಲಿ ಜೋಪಾನವಾಗಿಟ್ಟೆ. ನಕಲನ್ನು ಸುಲಿಯಲು ಬಿಟ್ಟೆ. ಗುಂಡಿ ಒತ್ತಿದೆ.

153
370
371
407

ಕಣ್ಣು ಮಿಟುಕಿಸುವಷ್ಟರಲ್ಲಿ ಬಂದವು. ನಾಲ್ಕು. ಅವಳು ಗ್ಯಾಲರಿಯಲ್ಲಿ ಹೇಳಿದ ಕ್ರಮದಲ್ಲೇ ನಾಲ್ಕು. ಐದನೆಯದು ಬರಲಿಲ್ಲ. ನಾನು ಎದ್ದು ನಿಂತು "ನಾಕೇ ಅದಾವ! ನಾಕೇ!" ಎಂದು ಕನ್ನಡದಲ್ಲಿ ಕೂಗಿದೆನಂತೆ. ಮುಂದಿನ ಸಾಲಿನ ಒಬ್ಬ ಅಜ್ಜ ಹಿಂದೆ ತಿರುಗಿ, "ಕಾಯ ಝಾಲಂ? ಲಗ್ನ ಠರಲಂ ಕಾ?" ಎಂದು ಕೇಳಿದ. ಏನಾಯಿತು, ಮದುವೆ ಗೊತ್ತಾಯಿತೇ? ತರಗತಿಯ ಹನ್ನೆರಡು ಮುದುಕರೂ ಚಪ್ಪಾಳೆ ಹೊಡೆದರು. ಏಕೆಂದು ಅವರಿಗೆ ಗೊತ್ತಿರಲಿಲ್ಲ. ನನ್ನ ಬದುಕಿನಲ್ಲಿ ಚಪ್ಪಾಳೆಗಳು ಕೆಲವು ಬಿದ್ದಿವೆ. ಸರಿಯಾದ ಉತ್ತರಕ್ಕೆ ಬಿದ್ದದ್ದು ಇದೇ ಎಂದು ನನಗನ್ನಿಸಿತು.

ಮರುದಿನ ಮ್ಯಾಡಮ್ ಬೇರೆಯವರ ಕೆಲಸದಲ್ಲಿದ್ದರು. ನಾನೊಬ್ಬನೇ ಕುಳಿತು ಪ್ರೋಗ್ರಾಮನ್ನು ಬದಲಿಸಿದೆ. ಬರೀ ಉತ್ತರವಲ್ಲ, ಅವಳ ಪುಸ್ತಕದಲ್ಲಿದ್ದಂತೆ ಒಂದು ಸಂಖ್ಯೆಗೆ ಒಂದು ಸಾಲು, ಘನಗಳು, ಮೊತ್ತ, ಕೊನೆಗೆ ಹೌದು ಅಥವಾ ಅಲ್ಲ. ಅದನ್ನು ಸ್ಟೇಷನ್ ಬಳಿಯ ಝೆರಾಕ್ಸ್ ಅಂಗಡಿಯಲ್ಲಿ ಛಾಪಿಸಿದೆ. ಹದಿನೆಂಟು ಹಾಳೆ. ಅಂಗಡಿಯವನು ತಿರುಗಿಸಿ ನೋಡಿ, "ಚಾಚಾ, ಯೇ ಕಿಸ್‌ಕೀ ಕುಂಡಲೀ ಹೈ?" ಎಂದ. ಇದು ಯಾರ ಜಾತಕ?

"ಮೇರೀ," ಎಂದೆ.

ಮಗಳು ರವಿವಾರ ಮಧ್ಯಾಹ್ನ ಬರುತ್ತಾಳೆ, ಮುಲುಂಡಿನಿಂದ ಎರಡು ಸ್ಟೇಷನ್. ಅವಳಿಗೀಗ ನಲವತ್ತೊಂಬತ್ತು, ಓದಲು ಕನ್ನಡಕ ಬೇಕು. ಚಹಾ ಬಂತು. ಸೊಸೆ ಒಳಗೆ ಹೋದಳು. ನಾನು ಹಾಳೆಗಳನ್ನು ಅವಳ ಮುಂದಿಟ್ಟೆ. ಅವಳು ಮೊದಲ ಹಾಳೆ ನೋಡಿದಳು, ಎರಡನೆಯದು ತಿರುವಿದಳು, ಚಹಾದ ಕಪ್ಪನ್ನು ದೂರ ಸರಿಸಿದಳು.

"ಅವ್ವಾ," ಎಂದೆ, "ಎಂಟರ ಘನ ಐನೂರಾ ಹನ್ನೆರಡು. ನಾ ಅವತ್ತು ತಪ್ಪು ಹೇಳಿದ್ದೆ. ಬುಧವಾರನೇ ನನಗ ಗೊತ್ತಾಗಿತ್ತು. ಹೇಳ್ಲಿಲ್ಲ."

ಅವಳು ಕನ್ನಡಕದ ಮೇಲಿನಿಂದ ನೋಡಿದಳು. "ಅಪ್ಪಾ, ನನಗ ಅವತ್ತೇ ಗೊತ್ತಿತ್ತಲ್ರಿ."

"ಅವತ್ತೇ?"

"ಒಂಬೈನೂರು ಸಾಲು ಬರದಾಕಿ ನಾನು. ಐನೂರಾ ಹನ್ನೆರಡು ಅಂತ ಇನ್ನೂರಾ ಎಂಬತ್ತು ಸಲಾ ಬರದೀನಿ. ನೀವು ಇಪ್ಪತ್ತೊಂದು ಅಂದ ಕೂಡ್ಲೇ ಕಿವಿಗಿ ಚುಚ್ಚಿತ್ತು."

"ಮತ್ತ್ಯಾಕ ಬಾಯಿ ಬಿಡ್ಲಿಲ್ಲ?"

"ನಿಮ್ಮ ಮಾರಿ ನೋಡಿದ್ನಿ. ಅಷ್ಟ್ ಖುಷೀಲೇ ಕೂತಿದ್ರಿ, ಎಲ್ಲಾರ ಮುಂದ. ನೀವೇ ತಿಳಕೊಂಡು ಹೇಳ್ತೀರಿ ಅಂತ ಕಾದ್ನಿ."

"ಎಷ್ಟ್ ದಿನಾ ಕಾದಿ?"

"ಕಾಲೇಜ್ ಫಾರ್ಮ್ ತುಂಬೂತನಕ."

ಇನ್ನೊಂದು ಬಾಕಿಯಿತ್ತು, ಅದನ್ನು ಬಿಟ್ಟರೆ ಮತ್ತೆ ಮೂವತ್ತಾರು ವರ್ಷ ನನಗಿರಲಿಲ್ಲ. "ಆ ಲಾಂಗ್ ಬುಕ್ ರದ್ದಿಗಿ ಹಾಕಿದಾಂವ ನಾನೇ. ಬೇಕಂತಲೇ ಹಾಕಿದೆ."

ಇದು ಅವಳಿಗೆ ಗೊತ್ತಿರಲಿಲ್ಲ. ಎದುರಿನ ಗೋಡೆ ನೋಡುತ್ತ ಕುಳಿತಳು. ಅಡುಗೆಮನೆಯಲ್ಲಿ ಕುಕ್ಕರ್ ಮೂರು ಸಲ ಸೀಟಿ ಹೊಡೆಯಿತು. ಆಮೇಲೆ ಹೇಳಿದಳು, "ಅವ್ವ ಚೆಲ್ಯಾಳ ಅಂತ ತಿಳಕೊಂಡಿದ್ನಿ. ಅವ್ವನ ಮ್ಯಾಲೆ ಸಿಟ್ಟಾಗಿ ಒಂದ್ ವಾರ ಮಾತು ಬಿಟ್ಟಿದ್ನಿ."

ನಾನು ಕೈ ಜೋಡಿಸಿದೆ. ಮಗಳಿಗೆ ತಂದೆ ಕೈ ಮುಗಿಯಬಾರದೆನ್ನುತ್ತಾರೆ, ನಾನು ಮುಗಿದೆ. ಅವಳು ನನ್ನ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಅದು ಕ್ಷಮೆಯಾಗಿರಲಿಲ್ಲ. ಅವಳ ಮುಖ ಗಟ್ಟಿಯಾಗಿತ್ತು.

"ಒಳಗ ಕೂತು ಹೇಳಿದ್ರ ಆಗಂಗಿಲ್ರಿ," ಎಂದಳು. "ಅವತ್ತು ನಾಕ್ ಮಂದ್ಯಾಗ ಹೇಳಿದ್ರಿ. ಇವತ್ತೂ ನಾಕ್ ಮಂದ್ಯಾಗ ಹೇಳ್ರಿ. ಕಾಕಾ ಕೆಳಗ ಕೂತಾರ, ಬರೂವಾಗ ನೋಡೀನಿ. ಏಳ್ರಿ."

ಲಿಫ್ಟಿನಲ್ಲಿ ಕೆಳಗಿಳಿದೆವು. ಹಾಳೆಗಳ ಕಟ್ಟು ಅವಳ ಕೈಯಲ್ಲಿತ್ತು. ಗೇಟಿನ ಬಳಿಯ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾಕಾ, ಅಂದಿನ ಕೇರಂ ಬಳಗದಲ್ಲಿ ಉಳಿದ ಇನ್ನೊಬ್ಬ, ಬಿಲ್ಡಿಂಗಿನ ಹೊಸ ಮಂದಿ ಐದಾರು ಜನ ಕುಳಿತಿದ್ದರು. ಕಾಕಾನಿಗೆ ಎಂಬತ್ತು ದಾಟಿದೆ, ಕಿವಿ ಮಂದ. ಆದ್ದರಿಂದ ನಾನು ಜೋರಾಗಿ ಹೇಳಬೇಕಾಯಿತು. ಇಡೀ ಕಂಪೌಂಡಿಗೆ ಕೇಳುವಂತೆ, ಮರಾಠಿಯಲ್ಲಿ, ನಿಂತುಕೊಂಡೇ ಹೇಳಿದೆ: ಗ್ಯಾಲರಿಯಲ್ಲಿ ನಾನು ಹೇಳಿದ 872 ತಪ್ಪು, ಹುಡುಗಿ ಹೇಳಿದ್ದೇ ಸರಿ, ನನಗದು ಗೊತ್ತಿತ್ತು, ಗೊತ್ತಿದ್ದೂ ನಿಮ್ಮ ಜೊತೆ ನಕ್ಕೆ, ಅವಳ ಪುಸ್ತಕ ಎಸೆದೆ, ಅದೇ ಸುಳ್ಳನ್ನು ಮುಂದಿಟ್ಟು ಅವಳಿಗೆ ಗಣಿತ ಓದಗೊಡಲಿಲ್ಲ.

ಹೊಸ ಮಂದಿ ಮುಖ ಮುಖ ನೋಡಿಕೊಂಡರು. ಕಾಕಾ ಬೆರಳು ಮಡಚಿ ಎಣಿಸಿದ. "ಮ್ಹಣಜೇ ಪಾಂಚವಾ ನಾಹೀಚ?" ಎಂದ. ಹಾಗಾದರೆ ಐದನೆಯದು ಇಲ್ಲವೇ ಇಲ್ಲ?

"ನಾಹೀಚ."

ಕಾಕಾ ನನ್ನ ಕಡೆ ನೋಡಲಿಲ್ಲ. ಕುರ್ಚಿಯ ತೋಳು ಹಿಡಿದು ಕಷ್ಟಪಟ್ಟು ಎದ್ದು ಮಗಳ ಕಡೆ ತಿರುಗಿದ. "ಪೋರೀ, ಮೀ ತುಲಾ ಕಿತೀ ಚಿಡವಲಂ ಗ. ಮಾಫ ಕರ." ಎಷ್ಟು ಕಾಡಿಸಿದೆ ಹುಡುಗಿ ನಿನ್ನನ್ನು, ಕ್ಷಮಿಸು ಎಂದ. ಆಮೇಲೆ ನನಗೆ, "ಕಸಲಾ ರೇ ತೂ ಮಾಸ್ತರ!" ಎಂತಹ ಮಾಸ್ತರನೋ ನೀನು! ಆ ಬೈಗುಳ ನನ್ನ ಎದೆಯ ಮೇಲಿನ ಕಲ್ಲನ್ನು ಎತ್ತಿ ಆಚೆ ಇಟ್ಟಂತಾಯಿತು.

ಮಗಳು ಹಾಳೆಗಳನ್ನು ಹಿಂದಿನಿಂದ ಮುಂದಕ್ಕೆ ತಿರುವುತ್ತಿದ್ದಳು. ಕೊನೆಯ ಹಾಳೆಗೆ ಮರಳಿ ಬಂದು ನಿಂತಳು.

"ಅಪ್ಪಾ, ಇದರಾಗ ಎಷ್ಟು ಸಾಲು ಅದಾವ್ರಿ?"

"ಒಂಬೈನೂರು."

"ಎಣಿಸೀರೇನು?"

"ಕಂಪ್ಯೂಟರ್ ಮಾಡ್ಯದವಾ. ಅದು ಒಂದೂ ಬಿಡಂಗಿಲ್ಲ."

"ಕಡೀ ಸಾಲು ಓದ್ರಿ."

ಹಾಳೆಯನ್ನು ನನ್ನ ಮುಂದೆ ಹಿಡಿದಳು. ಓದಿದೆ. 998, 729+729+512=1970, ಅಲ್ಲ. ಅದರ ಕೆಳಗೆ ಬಿಳಿ ಕಾಗದ.

"999 ಎಲ್ಲ್ಯದ?"

ಇರಲಿಲ್ಲ. ಪ್ರೋಗ್ರಾಮ್ ಬರೆಯುವ ಆ ಭಾಷೆಯಲ್ಲಿ ಇಂಥದ್ದರ ತನಕ ಎಂದು ಬರೆದರೆ ಅದರ ಹಿಂದಿನದಕ್ಕೇ ನಿಲ್ಲುತ್ತದೆ, 999 ಬೇಕಿದ್ದರೆ ಸಾವಿರ ಎಂದು ಬರೆಯಬೇಕು ಎಂದು ಮ್ಯಾಡಮ್ ಆಮೇಲೆ ತಿಳಿಸಿದರು. ಕೂಡಿ ಎಣಿಸಿದರೆ ನನ್ನವು ಎಂಟುನೂರ ತೊಂಬತ್ತೊಂಬತ್ತು ಸಾಲು. ಆ ಹೊತ್ತಿಗೆ ನನಗೆ ಅದೇನೂ ತಿಳಿದಿರಲಿಲ್ಲ.

ಮಗಳು ಹಾಳೆಯನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದಳು. ಆಫೀಸಿನಲ್ಲಿ ಹತ್ತಾರು ಮಂದಿಯ ಮೇಲೆ ನಡೆಯುವ ಧ್ವನಿ ಅದು, ನಾನು ಅದನ್ನು ಕೇಳಿರಲಿಲ್ಲ. "ಕಾಕಾ, ಮಾಸ್ತರ ಪರತ ಚುಕಲೇ!" ಮಾಸ್ತರ ಮತ್ತೆ ತಪ್ಪಿದರು!

ಕಾಕಾ ನಗತೊಡಗಿದ. ಕೆಮ್ಮು ಬರುವ ತನಕ ನಕ್ಕ. ಏನೆಂದು ಪೂರ್ತಿ ತಿಳಿಯದ ಹೊಸ ಮಂದಿಯೂ ನಕ್ಕರು. ಮಗಳು ನಕ್ಕಳು, ನನ್ನ ಭುಜದ ಮೇಲೆ ಕೈಯಿಟ್ಟು, ಕಣ್ಣಲ್ಲಿ ನೀರು ಬರುವಂತೆ. ನಾಲ್ಕು ಜನರ ಎದುರು ನನ್ನ ಮಗಳು ನನ್ನ ತಪ್ಪು ಹಿಡಿದು ಎತ್ತಿ ತೋರಿಸಿದ್ದಳು. ನಾನು ಅಷ್ಟು ಸಂತೋಷದಿಂದ ಎಂದೂ ಸೋತಿರಲಿಲ್ಲ.

ಆಮೇಲೆ ಅವಳು ಪರ್ಸಿನಿಂದ ಪೆನ್ನು ತೆಗೆದಳು. ಹಾಳೆಯನ್ನು ಕಾಕಾನ ಕುರ್ಚಿಯ ಬೆನ್ನಿಗಿಟ್ಟುಕೊಂಡು, ಕೆಳಗಿನ ಬಿಳಿ ಜಾಗದಲ್ಲಿ ಬರೆದಳು: 999, 729+729+729=2187, ಅಲ್ಲ.

ಬರೆದು, ನೋಡಿರಿ ಎಂದು ನನ್ನ ಕೈಗೆ ಕೊಟ್ಟಳು.